ಮಳೆಯಲ್ಲಿ ಹಾಡಿದರೆ

ನಮ್ಮ ಮನೆಯ ಬೀರುವಿನ ಮೇಲೆ ಮಲಗಿರುವ ಉದ್ದನೆಯ ರಟ್ಟಿನ ಕೊಳವೆಯೊಳಗೆ ಯಾವುದೋ ನಿವೇಶನದ ನಕ್ಷೆ ಇರಬೇಕೆಂದು ನೆಂಟರು ಗೌರವದಿಂದ ಊಹಿಸುತ್ತಾರೆ. ಅದರಲ್ಲಿರುವುದು ಹಳೆಯ ಸಂಗೀತಚಿತ್ರಗಳಿಗಾಗಿ ಜಪಾನಿನಲ್ಲಿ ಅಚ್ಚಾದ ಒಂಬತ್ತು ಪೋಸ್ಟರುಗಳೆಂದು ತಿಳಿದ ಮೇಲೆ ಆ ಗೌರವ ಅಷ್ಟಾಗಿ ಉಳಿಯುವುದಿಲ್ಲ. "ಓದಲು ಬಾರದ ಕಾಗದಕ್ಕೆ ಇಷ್ಟು ದುಡ್ಡೇನ್ರೀ?" ಎಂದು ನನ್ನ ಹೆಂಡತಿ ಕೇಳಿದ್ದುಂಟು. ಓದಲು ಬಾರದ್ದರಿಂದಲೇ ಅದನ್ನು ಇಷ್ಟು ಹೊತ್ತು ನೋಡುತ್ತೇನೆ ಎಂಬ ಉತ್ತರ ನನ್ನಲ್ಲಿ ಸಿದ್ಧವಿದೆಯಾದರೂ, ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಜಪಾನಿನ ಚಿತ್ರಮಂದಿರಗಳಲ್ಲಿ ರೂಢಿಯಾಗಿದ್ದ ಅಳತೆ ಬಿ2, ಅಂದರೆ 51.5 ಸೆಂಟಿಮೀಟರ್ ಅಗಲ, 72.8 ಸೆಂಟಿಮೀಟರ್ ಎತ್ತರ. ಅಂಥ ಎರಡು ಹಾಳೆಗಳು ಒಂದರ ಕೆಳಗೊಂದು ಸೇರಿದರೆ ಅದು 'ತಾತೆಕಾನ್'. ಪುಕ್ಕಟೆಯಾಗಿ ಹಂಚುತ್ತಿದ್ದ ಬಿ5 ಅಳತೆಯ ಕೈಹಾಳೆ 'ಚಿರಾಶಿ'. ಟೋಕಿಯೋದ ಜಿಂಬೋಚೋ ಎಂಬ ಹಳೆಪುಸ್ತಕಗಳ ಬೀದಿಯಲ್ಲಿ ಇವೆಲ್ಲ ಸಿಗುತ್ತವೆ. ಒಮ್ಮೆ ಪುಕ್ಕಟೆಯಾಗಿ ಕೈಗಿಟ್ಟಿದ್ದ ಚಿರಾಶಿಯೂ ಅಲ್ಲಿ ಈಗ ಪುಕ್ಕಟೆಯಲ್ಲ.

ನನ್ನನ್ನು ಈ ಚಟಕ್ಕೆ ಹಚ್ಚಿದ್ದು ಚಿತ್ರಗಳಿಗಿಂತ ಹೆಚ್ಚಾಗಿ ಅವುಗಳ ಜಪಾನಿ ಹೆಸರುಗಳು. ಜಪಾನಿ ಬಲ್ಲ ಗೆಳೆಯರೊಬ್ಬರು ಹಾಳೆಯನ್ನು ಮೇಜಿನ ಮೇಲೆ ಹರವಿ ಅರ್ಥ ಹೇಳುವಾಗ ನನಗೆ ಹಬ್ಬದಂತಾಗುತ್ತದೆ. ಹಾಲಿವುಡ್ಡಿನ 'ಗಿಗಿ' ಚಿತ್ರಕ್ಕಿದ್ದ ನಾಯಕಿಯ ಹೆಸರು ಅಲ್ಲಿ 'ಪ್ರೇಮದ ಮೊದಲ ಪಾಠ' ಎಂಬ ಅರ್ಥ ಕೊಡುವ ಶೀರ್ಷಿಕೆಯಾಗಿದೆ. ಆಡ್ರೆ ಹೆಪ್ಬರ್ನ್ ನಟಿಸಿದ 'ಫನ್ನಿ ಫೇಸ್', ಮುಖದ ಮಾತನ್ನೇ ಬಿಟ್ಟು 'ಪ್ಯಾರಿಸ್ಸಿನ ಪ್ರಿಯೆ'ಯಾಗಿದೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು 1954ರ 'ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್'. ಜಪಾನಿನವರು ಅಣ್ಣತಮ್ಮಂದಿರನ್ನು ಕೈಬಿಟ್ಟು, 'ಅಪಹರಣವಾದ ಏಳು ಮದುಮಗಳು' ಎಂದು ಕಥೆಯ ಗುಟ್ಟನ್ನೇ ಬೀದಿಯಲ್ಲಿ ತೂಗುಹಾಕಿದರು. ಲೆಕ್ಕ ಮಾತ್ರ ತಪ್ಪಿದೆ. ಹಿರಿಯಣ್ಣ ಕ್ರಮವಾಗಿ ಮದುವೆಯಾಗಿಯೇ ಹೆಂಡತಿಯನ್ನು ಕರೆತರುತ್ತಾನೆ. ಹೊತ್ತು ತಂದವರು ಆರು ಜನ ತಮ್ಮಂದಿರಷ್ಟೇ. ಆ ಹಿರಿಯತ್ತಿಗೆಯ ಮಾನಕ್ಕೆ ಬಂದ ಈ ಕುಂದನ್ನು ಇಷ್ಟು ವರ್ಷಗಳಲ್ಲಿ ಯಾರೂ ಆಕ್ಷೇಪಿಸಿದಂತಿಲ್ಲ.

ಇನ್ನು ಯಾವ ಪೋಸ್ಟರು ಅಪರೂಪ ಎಂಬ ಮಾತು. 'ವೆಸ್ಟ್ ಸೈಡ್ ಸ್ಟೋರಿ' 1961ರ ಡಿಸೆಂಬರಿನಲ್ಲಿ ಟೋಕಿಯೋದ ಮಾರುನೊಉಚಿ ಪಿಕಾಡಿಲಿ ಚಿತ್ರಮಂದಿರದಲ್ಲಿ ತೆರೆಕಂಡು 511 ದಿನ ಓಡಿತು. ಇಂಥ ಜನಪ್ರಿಯ ಚಿತ್ರಗಳು ಮತ್ತೆ ಮತ್ತೆ ಬಿಡುಗಡೆಯಾಗಿ, ಪ್ರತಿ ಬಾರಿಯೂ ಹೊಸ ಪೋಸ್ಟರು ಹೊರಟಿತು. ಆದ್ದರಿಂದ ಸಂಗ್ರಾಹಕನ ಮೊದಲ ಪ್ರಶ್ನೆ, ಇದು ಮೊದಲ ಬಿಡುಗಡೆಯದೋ ಮರುಬಿಡುಗಡೆಯದೋ ಎಂಬುದು. ಎರಡನೆಯದು ನಾಲ್ಕು ಮೂಲೆಗಳ ಗುಂಡುಸೂಜಿ ತೂತುಗಳ ಕುರಿತು. ತೂತಿಲ್ಲದ ಹಾಳೆಗೆ ಬೆಲೆ ಹೆಚ್ಚು. ನನಗೋ ತೂತುಗಳೇ ಇಷ್ಟ. ಯಾವುದೋ ಗೋಡೆಯ ಮೇಲೆ ನಿಂತು ಪ್ರೇಕ್ಷಕರನ್ನು ಕರೆದ ಕಾಗದವಿದು ಎನ್ನುವುದಕ್ಕೆ ಅವುಗಳೇ ಸಾಕ್ಷಿ. ಈ ರಸಿಕತೆಗೂ ನನ್ನ ಜೇಬಿನ ಸ್ಥಿತಿಗೂ ಇರುವ ಸಂಬಂಧವನ್ನು ಗೆಳೆಯರು ಆಗಾಗ ಎತ್ತಿ ತೋರಿಸುತ್ತಾರೆ.

ನಮ್ಮ ಕಡೆಯ ನಂಟಿನ ಪೋಸ್ಟರು ಒಂದಿದೆ. ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದ ರಜನಿಕಾಂತ್ ಅವರ 'ಮುತ್ತು' 1998ರಲ್ಲಿ ಜಪಾನಿಗೆ ಹೋಗಿ 'ಮುತ್ತು, ಕುಣಿಯುವ ಮಹಾರಾಜ' ಆಯಿತು. ಚಿತ್ರದುದ್ದಕ್ಕೂ ಆಳಾಗಿ ದುಡಿಯುವವನಿಗೆ ಹೆಸರಿನಲ್ಲೇ ಪಟ್ಟ ಕಟ್ಟಿದ ಅವಸರವನ್ನು ನೋಡಿದರೆ, ಗುಟ್ಟು ಬಿಟ್ಟುಕೊಡುವುದು ಅಲ್ಲಿಯ ಹಳೆಯ ಚಾಳಿಯೇ ಇರಬೇಕು. ಸಂಗ್ರಾಹಕರ ಕಣ್ಣಿಗೆ ಇದಿನ್ನೂ ಎಳೆಯ ಕಾಗದ. ನಾನಂತೂ ಕಾಯುತ್ತಿಲ್ಲ, ಕೊಳವೆಯಲ್ಲಿ ಅದಕ್ಕಾಗಲೇ ಜಾಗ ಕೊಟ್ಟಿದ್ದೇನೆ.

ಗೋಡೆಯಲ್ಲಿ ಒಂದನ್ನು ತೂಗುಹಾಕಿ ಪಾಠ ಕಲಿತಿದ್ದೇನೆ. ಕಿಟಕಿಯ ಎದುರು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳದಿಯೂ ಕೆಂಪೂ ಹಾರಿಹೋಗಿ, ನರ್ತಕಿಯರು ಚಳಿಗೆ ಸಿಕ್ಕವರಂತೆ ನೀಲಿಗಟ್ಟಿದರು. ಅಂದಿನಿಂದ ಎಲ್ಲವೂ ಕೊಳವೆಯ ಕತ್ತಲಿನಲ್ಲಿವೆ. ನಡುವೆ ಸುತ್ತಿಟ್ಟಿರುವುದು 'ಸಿಂಗಿಂಗ್ ಇನ್ ದ ರೇನ್'. ಅದರ ಜಪಾನಿ ಹೆಸರು 'ಅಮೆ ನಿ ಉತಾಎಬಾ'. ಕೊನೆಯ 'ಬಾ' ನಮ್ಮ 'ರೆ' ಪ್ರತ್ಯಯದ ಕೆಲಸ ಮಾಡುತ್ತದೆ: 'ಮಳೆಯಲ್ಲಿ ಹಾಡಿದರೆ'. ಹಾಡಿದರೆ ಏನಾಗುತ್ತದೆ ಎಂಬುದನ್ನು ಪೋಸ್ಟರು ಹೇಳುವುದಿಲ್ಲ. ಕೊಡೆ ಹಿಡಿದ ನಾಯಕ ಜೀನ್ ಕೆಲ್ಲಿಗಂತೂ ಅದರ ಚಿಂತೆಯಿಲ್ಲ. ನಾನು ಮಾತ್ರ ಆಷಾಢದ ಮೊದಲ ಹನಿಯ ಸದ್ದಿಗೇ ಸ್ಟೂಲು ಎಳೆದು ಹತ್ತಿ, ತಾರಸಿಯ ತೇವ ಕೊಳವೆಗೆ ಇಳಿದಿದೆಯೇ ಎಂದು ಅಂಗೈಯಿಂದ ಸವರಿ ನೋಡುತ್ತೇನೆ.