ಚೀಲದ ಸವಾರಿ

ಮಡಗಾಂವ್‌ನಲ್ಲಿ ಕಾಲ್ನಡಿಗೆಯಲ್ಲಿ ಹೊರಟವನನ್ನು ಯಾರೂ ನೆಮ್ಮದಿಯಾಗಿ ನಡೆಯಗೊಡುವುದಿಲ್ಲ. ಸಂಜೆ ಮನೆಯಿಂದ ಹೊರಬಿದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಪಕ್ಕದಲ್ಲೊಂದು ಸ್ಕೂಟರು ನಿಲ್ಲುತ್ತದೆ. "ಏನು ರಾಯರೇ, ಗಾಡಿ ಕೆಟ್ಟಿತೇ? ಬನ್ನಿ, ಬಿಡುತ್ತೇನೆ." ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಮನೆಯಲ್ಲಿ ಜಗಳವಾಗಿರಬೇಕು ಎಂದುಕೊಂಡು ಹೋಗುವವರು ಸಭ್ಯರು, ನಿನ್ನೆ ಒಬ್ಬರು ರಸ್ತೆಯಲ್ಲೇ "ಶುಗರ್ ಎಷ್ಟಿದೆ?" ಎಂದು ಕೇಳಿಬಿಟ್ಟರು. ಇಂಥ ಪರೋಪಕಾರಿಗಳು ನನ್ನ ಪಾಲಿಗೆ ಬೀದಿನಾಯಿಗಳಿಗಿಂತ ಹೆಚ್ಚಿನ ಕಾಟ.

ಪುಣೆಯ ನನ್ನ ಷಡ್ಡಕರು ಈ ವಿಷಯದಲ್ಲಿ ಪುಣ್ಯವಂತರು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದವರು ಅಲ್ಲಿಯ ನೈಋತ್ಯ ಕರಾವಳಿಯ ಕಾಲುದಾರಿಯನ್ನು ನಡೆದು ಬಂದಿದ್ದಾರೆ. ಮೈನ್‌ಹೆಡ್‌ನಿಂದ ಪೂಲ್ ಬಂದರಿನವರೆಗೆ 630 ಮೈಲಿಯ ದಾರಿ. ಅವರು ನಡೆದದ್ದು ಕಾರ್ನ್‌ವಾಲ್‌ನ ಒಂದು ಚೂರು; ಮಾತಿನಲ್ಲಿ ಮಾತ್ರ 630 ಮೈಲಿಯನ್ನೂ ನಡೆಯುತ್ತಾರೆ. ಕಳ್ಳಸಾಗಣೆಯವರನ್ನು ಹಿಡಿಯಲು ಕರಾವಳಿಯ ಕಾವಲುಗಾರರು ಒಂದೊಂದು ಕೊಲ್ಲಿಯನ್ನೂ ಇಣುಕುತ್ತ ನಡೆದ ದಾರಿಯಾದ್ದರಿಂದ ಅದು ನೆಟ್ಟಗೆ ಹೋಗದೆ ಹತ್ತುತ್ತ ಇಳಿಯುತ್ತ ಸಾಗುತ್ತದಂತೆ. ದಾರಿ ತಪ್ಪದಿರಲೆಂದು ಓಕ್ ಕಾಯಿಯ ಗುರುತಿನ ಕಂಬಗಳಿವೆ. ಇವೆಲ್ಲಕ್ಕಿಂತ ಅವರನ್ನು ಮರುಳುಮಾಡಿದ್ದು ಚೀಲದ ವ್ಯವಸ್ಥೆ. ಬೆಳಗ್ಗೆ ತಂಗಿದ ಮನೆಯ ಬಾಗಿಲಲ್ಲಿ ಚೀಲವಿಟ್ಟು ಕೈ ಬೀಸಿಕೊಂಡು ಹೊರಟರಾಯಿತು, ವ್ಯಾನಿನವನು ಅದನ್ನು ಮುಂದಿನ ಊರಿಗೆ ಮುಟ್ಟಿಸಿರುತ್ತಾನೆ.

ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಿಠ್ಠಲನ ಭಕ್ತರಾದ ವಾರಕರಿಗಳ ಗಂಟುಮೂಟೆಯೂ ಲಾರಿಯಲ್ಲೇ ಹೋಗುತ್ತದೆ. ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ನಮ್ಮ ಬಾಗಲಕೋಟೆ ಕಡೆಯವರ ಬುತ್ತಿ ಟ್ರ್ಯಾಕ್ಟರಿನಲ್ಲಿ. ವಾರಕರಿಗಳ ಪಲ್ಲಕ್ಕಿ ಪುಣೆಗೆ ಬಂದ ದಿನ ರಸ್ತೆ ಬಂದ್ ಆಯಿತೆಂದು ಫೋನಿನಲ್ಲಿ ಗೊಣಗುವವರೂ ಇದೇ ಷಡ್ಡಕರು.

ಕಳೆದ ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದವರು ಕೋಲ್ವಾದಿಂದ ಮೋಬೋರ್‌ವರೆಗೆ ಮರಳಿನ ಮೇಲೆ ನಡೆಯೋಣ ಎಂದು ಹಟ ಹಿಡಿದರು. ಹತ್ತಿರಹತ್ತಿರ ಹದಿನೈದು ಕಿಲೋಮೀಟರು. ನಡೆಯುವುದಕ್ಕೆ ನನ್ನ ತಕರಾರಿರಲಿಲ್ಲ. ಚಪಾತಿ, ಶೇಂಗಾ ಚಟ್ನಿ, ಬದಲಿ ಬಟ್ಟೆಗಳ ಚೀಲ ಮಾತ್ರ ಇಂಗ್ಲೆಂಡಿನ ಕ್ರಮದಲ್ಲೇ ಮುಂದೆ ಹೋಗಬೇಕಂತೆ. ವ್ಯಾನು ಎಲ್ಲಿಂದ ತರುವುದು? ಒಬ್ಬ ಪೈಲಟ್‌ನನ್ನು ಹಿಡಿದೆವು. ಗೋವಾದಲ್ಲಿ ಪೈಲಟ್ ಎಂದರೆ ಬಾಡಿಗೆ ಬೈಕಿನವನು.

"ಚೀಲ ಮಡಿಲಲ್ಲಿಟ್ಟುಕೊಂಡು ಕೂತುಕೊಳ್ಳಿ, ಬಾಡಿಗೆ ಅಷ್ಟೇ" ಎಂದ.

"ನಾವು ಬರುವುದಿಲ್ಲ. ಚೀಲ ಮಾತ್ರ" ಎಂದರು ಷಡ್ಡಕರು.

"ನೀವು?"

"ನಡೆಯುತ್ತೇವೆ."

"ಯಾಕೆ?"

ಷಡ್ಡಕರು ಸಮುದ್ರದ ಗಾಳಿಯಿಂದ ಆರಂಭಿಸಿ ಕಾರ್ನ್‌ವಾಲ್‌ನತ್ತ ಹೊರಟರು. ಪೈಲಟ್ ಕನಿಕರದಿಂದ ಕೇಳಿಸಿಕೊಂಡು, ದುಡ್ಡಿನ ಅಡಚಣೆ ಇದ್ದರೆ ಇಬ್ಬರನ್ನೂ ಒಂದೇ ಬಾಡಿಗೆಗೆ ಎರಡು ಸಲವಾಗಿ ಒಯ್ಯುತ್ತೇನೆ ಎಂದ. ಬಿಸಿಲೇರುತ್ತಿತ್ತು. ಕಡೆಗೆ ಅವನೇ ದನಿ ತಗ್ಗಿಸಿ "ಹರಕೆಯೇ?" ಎಂದು ಕೇಳಿದ. ನಾನು ಹೌದೆಂದೆ. "ಫಾತರ್ಪೆಯ ಶಾಂತಾದುರ್ಗೆಗೋ?" ಅದಕ್ಕೂ ಹೌದೆಂದೆ. ಅವನು ಚಪ್ಪಲಿ ಕಳಚಿ, ಚೀಲಕ್ಕೆ ಕೈಮುಗಿದು, ಹಿಂದಿನ ಸೀಟಿಗೆ ಹಗ್ಗದಿಂದ ನೆಟ್ಟಗೆ ಕಟ್ಟಿಕೊಂಡು ಹೊರಟ.

ಬಾಣಾವಲಿಯವರೆಗೆ ಷಡ್ಡಕರು ನನ್ನೊಡನೆ ಮಾತಾಡಲಿಲ್ಲ. ಬಾಣಾವಲಿಯಲ್ಲಿ ಪೈಲಟ್ ನಿಂತಿದ್ದ, ಕಾಲು ನೋಯುತ್ತಿಲ್ಲವಷ್ಟೇ ಎಂದು ವಿಚಾರಿಸಿದ. ವಾರ್ಕಾದಲ್ಲಿ ಎಳನೀರಿನ ಹೆಂಗಸಿಗೆ ಸುದ್ದಿ ಮುಟ್ಟಿಸಿದ್ದ; ಆಕೆ ದುಡ್ಡು ಮುಟ್ಟಲಿಲ್ಲ, ತನ್ನ ಮಗನ ನೌಕರಿಗೂ ಬೇಡಿಕೊಳ್ಳಿ ಎಂದಳು. ಅದರಾಚೆ ಒಂದು ದೊಡ್ಡ ಹೊಟೇಲಿನ ಕಾವಲಿನ ಹುಡುಗ, ಒರಗುಕುರ್ಚಿಗಳ ಹತ್ತಿರ ಹಾಯಬೇಡಿ, ಕೆಳಗಿಂದ ಹೋಗಿ ಎಂದು ಕೈ ಅಡ್ಡ ಹಿಡಿದ. ಸಮುದ್ರದ ದಂಡೆ ನಿನ್ನ ಸಾಹುಕಾರನ ಅಪ್ಪನದೇ ಎಂದು ನಾನು ಕನ್ನಡದಲ್ಲಿ ಬೈದೆ. ಹುಡುಗ ಬಾದಾಮಿಯವನು. ಹರಕೆಯ ಸುದ್ದಿ ತಿಳಿದಿದ್ದರೆ ತಡೆಯುತ್ತಿರಲಿಲ್ಲ ಎಂದ. ಗಾಳಿಗೆಂದು ಬಂದವನಿಗೆ ದಂಡೆ ಇಲ್ಲ, ದೇವರಿಗೆಂದು ಬಂದವನಿಗೆ ಉಂಟು! ಈ ನ್ಯಾಯಕ್ಕೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೋಬೋರ್‌ನಲ್ಲಿ ಮರಳು ಮುಗಿದು ಸಾಳ ನದಿ ಅಡ್ಡ ಬರುತ್ತದೆ. ನಮ್ಮ ಲೆಕ್ಕದಲ್ಲಿ ನಡಿಗೆಯೂ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪೈಲಟ್ ಒಬ್ಬ ಮೀನುಗಾರನ ದೋಣಿಯನ್ನು ಗೊತ್ತುಮಾಡಿ, ಚೀಲ ಅಸೋಳ್ಣಾ ಸುತ್ತಿಕೊಂಡು ಬರುತ್ತದೆ, ನೀವು ಬೇತೂಲ್‌ಗೆ ದಾಟಿ ಎಂದು ಹೇಳಿಕಳಿಸಿದ್ದ. ಬುತ್ತಿ ಅವನ ಬಳಿ ಇತ್ತು. ದಾಟಿದೆವು. ಹಸಿದ ಹೊಟ್ಟೆಯಲ್ಲಿ ಫಾತರ್ಪೆಯವರೆಗೂ ನಡೆದೆವು. ದೇವಸ್ಥಾನದ ಎದುರು ಅವನೂ ಚೀಲವೂ ಕಾಯುತ್ತಿದ್ದರು. ಎಳನೀರಿನವಳ ಮಗನ ನೌಕರಿಗೆ ಷಡ್ಡಕರೇ ಬೇಡಿಕೊಂಡರು. ಮೋಬೋರ್‌ವರೆಗಿನ ಬಾಡಿಗೆಯನ್ನಷ್ಟೇ ತೆಗೆದುಕೊಂಡ ಪೈಲಟ್, ಮುಂದಿನದು ದೇವಿಯ ಲೆಕ್ಕಕ್ಕೆ ಎಂದ.

ಈ ಸಲ ಕಾಣಕೋಣದಿಂದ ಕಾರವಾರದವರೆಗೆ ನಡೆಯಬೇಕಂತೆ. ಯಾವ ದೇವರ ಹೆಸರನ್ನೂ ಎತ್ತಕೂಡದು ಎಂದು ಈಗಲೇ ತಾಕೀತು ಮಾಡಿದ್ದಾರೆ. ಹಾಗಾದರೆ ಚೀಲವನ್ನು ಅವರೇ ಹೊರಲಿ.