ಮಗಳನ್ನು ಯಾವ ಕ್ಲಾಸಿಗೆ ಸೇರಿಸೋದು?

ಕಳೆದ ವರ್ಷ ಮೇ ತಿಂಗಳಲ್ಲಿ ಅಮ್ಮನ ಮಂಡಿಯ ಆಪರೇಷನ್ ಆಯಿತು. ಅವರನ್ನು ನೋಡಿಕೊಳ್ಳಲು ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಒಂದು ವರ್ಷದ ಮಟ್ಟಿಗೆ ಊರಿಗೆ ಬಂದಳು. ನಾನೂ ಆರು ವಾರ ರಜೆ ಹಾಕಿ ಜೊತೆಗಿದ್ದೆ. ನಮ್ಮ ಊರು ಕೊಡಗಿನಲ್ಲಿ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆಯ ಹತ್ತಿರ. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ. ಅಲ್ಲಿ ಮಗಳಿಗೆ ಮನೆಯಲ್ಲೇ ಪಾಠ. ಆ ರಾಜ್ಯದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ಪಾಠ ಮಾಡುವವರು ಹೈಸ್ಕೂಲು ಮುಗಿಸಿರಬೇಕು, ವರ್ಷಕ್ಕೊಮ್ಮೆ ಮಗುವಿಗೆ ಒಂದು ನಿಗದಿತ ಪರೀಕ್ಷೆ ಮಾಡಿಸಬೇಕು. ಯಾವ ತರಗತಿ ಅನ್ನೋದನ್ನು ಅಪ್ಪ ಅಮ್ಮನೇ ತೀರ್ಮಾನಿಸಬಹುದು.

ಹಾಗಾಗಿ ಮಗಳ ಹತ್ತಿರ ಟಿಸಿ ಇರಲಿಲ್ಲ, ಮಾರ್ಕ್ಸ್ ಕಾರ್ಡೂ ಇರಲಿಲ್ಲ. ವಯಸ್ಸು ಏಳು ವರ್ಷ ಎಂಟು ತಿಂಗಳು. ಇಂಗ್ಲಿಷ್ ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಕನ್ನಡ ಮಾತಾಡುತ್ತಾಳೆ, ಅಜ್ಜಿಯ ಜೊತೆ ನಮ್ಮ ಮನೆಮಾತಾದ ಅರೆಭಾಷೆಯನ್ನೂ ಆಡುತ್ತಾಳೆ. ಆದರೆ ಕನ್ನಡದ ಅಕ್ಷರ ಗೊತ್ತಿದ್ದದ್ದು ಒಂದು ಹದಿನೈದು.

ಮೊದಲು ಹೋದದ್ದು ಪೇಟೆಯ ಒಂದು ಖಾಸಗಿ ಶಾಲೆಗೆ. ಅವಳನ್ನು ಒಂದು ರೂಮಿನಲ್ಲಿ ಕೂರಿಸಿ ಕನ್ನಡದ ಒಂದು ಹಾಳೆ ಕೊಟ್ಟರು. ಹದಿನೈದು ನಿಮಿಷ ಕೂಡ ಆಗಿರಲಿಲ್ಲ, ಹೊರಗೆ ಬಂದು ಹೇಳಿದರು: ‘ಓದೋಕೆ ಬರಲ್ಲ, ಒಂದನೇ ಕ್ಲಾಸಿಗೆ ಹಾಕಿ.’ ಅವಳು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಜೀಪಿನಲ್ಲಿ ವಾಪಸ್ ಬರುವಾಗ ‘ಪಪ್ಪಾ, ನಂಗೆ ಓದೋಕೆ ಬರಲ್ವಾ?’ ಅಂತ ಕೇಳಿದಳು. ಆ ಪ್ರಶ್ನೆ ನನಗೆ ಇವತ್ತಿಗೂ ನೋವು ಕೊಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ಸೇರಿಸಿಕೊಳ್ಳುವಾಗ ಹೀಗೆ ಪರೀಕ್ಷೆ ಮಾಡಿ ಆರಿಸುವಂತಿಲ್ಲ. 2010ರಿಂದಲೇ ಇದು ಜಾರಿಯಲ್ಲಿದೆ. ಆ ಹೊತ್ತಿಗೆ ನನಗೆ ಬಾಯಿ ಬರಲಿಲ್ಲ.

ಆ ರಾತ್ರಿ ನಾನೇ ಅವಳ ಓದು ನೋಡಲು ಕೂತೆ. ರಾಲಿಯಲ್ಲಿ ಮನೆಪಾಠ ಮಾಡುವವರೆಲ್ಲ ಮಾಡುವ ಕೆಲಸವೇ ಇದು. ಮಗು ಹಿಂದೆ ನೋಡಿರದ ಪುಸ್ತಕದಿಂದ ನೂರು ಪದದ ಒಂದು ಭಾಗ ಆರಿಸುತ್ತೇವೆ. ಮಗು ಜೋರಾಗಿ ಓದುತ್ತದೆ. ನಾವು ಇನ್ನೊಂದು ಪ್ರತಿಯಲ್ಲಿ ತಪ್ಪಿದ ಕಡೆ ಗುರುತು ಹಾಕುತ್ತಾ ಹೋಗುತ್ತೇವೆ. ಐದಕ್ಕಿಂತ ಕಡಿಮೆ ತಪ್ಪಾದರೆ ಆ ಪುಸ್ತಕವನ್ನು ಮಗು ತಾನಾಗಿ ಓದಬಹುದು. ಐದರಿಂದ ಹತ್ತರವರೆಗೆ ಆದರೆ ದೊಡ್ಡವರು ಪಕ್ಕದಲ್ಲಿ ಕೂತು ಓದಿಸಬೇಕು. ಹತ್ತು ದಾಟಿದರೆ ಅದು ಸದ್ಯಕ್ಕೆ ಕಷ್ಟ, ಪಕ್ಕಕ್ಕಿಡಬೇಕು. ಓದಿ ಮುಗಿದ ಮೇಲೆ ಕಥೆಯನ್ನು ಹೇಳಿಸಬೇಕು. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದೇ. ಒಬ್ಬ ದೊಡ್ಡವರು ಹತ್ತು ನಿಮಿಷ ಬೇರೆ ಕೆಲಸ ಬಿಟ್ಟು ಒಂದು ಮಗು ಓದುವುದನ್ನು ಕೇಳುತ್ತಾರೆ.

ಇದನ್ನೇ ಕನ್ನಡಕ್ಕೆ ಹಾಗೆಯೇ ತಂದರೆ ತಪ್ಪಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಅಣ್ಣನ ಮಗನನ್ನು ಓದಿಸಿದಾಗ. ಅವನು ಆಗ ತಾನೇ ಎರಡನೇ ಕ್ಲಾಸು ಮುಗಿಸಿದ್ದ. ನೂರು ಪದ ಕೊಟ್ಟೆ. ಅರ್ಧಕ್ಕೆ ಬರುವಾಗಲೇ ಸುಸ್ತಾದ. ಸರಿಯಾಗಿ ನೋಡಿದರೆ ನಮ್ಮ ಪದಗಳೇ ಉದ್ದ. ‘ಮನೆಯವರೆಲ್ಲರಿಗೂ’ ಅನ್ನೋದು ನಮಗೆ ಒಂದು ಪದ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಐದು ಪದ ಬೇಕು. ಅಮೆರಿಕದಲ್ಲಿ ಎರಡನೇ ತರಗತಿ ಮುಗಿಸುವ ಸಾಧಾರಣ ಮಗು ನಿಮಿಷಕ್ಕೆ ಸುಮಾರು 100 ಪದ ಓದುತ್ತದೆ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ನಮ್ಮ ದೇಶದಲ್ಲಿ ಮಾಡಿರುವ ನಿಪುಣ್ ಭಾರತ್ ಯೋಜನೆಯಲ್ಲಿ ಅದೇ ತರಗತಿಗೆ ಇಟ್ಟಿರುವ ಗುರಿ ನಿಮಿಷಕ್ಕೆ 45ರಿಂದ 60 ಪದ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನಮ್ಮ ಮಕ್ಕಳು ಹಿಂದಿದ್ದಾರೆ ಅಂತ ಹೆದರುವ ಹೊರನಾಡ ತಂದೆ ತಾಯಿ ನನಗೆ ಗೊತ್ತು. ಹೆದರಬೇಕಿಲ್ಲ, ಅಳತೆಗೋಲೇ ಬೇರೆ. ಕನ್ನಡಕ್ಕೆ ಐವತ್ತು ಪದ ತಗೊಳ್ಳಿ, ಸಾಕು. ಎರಡು ತಪ್ಪಿನವರೆಗೆ ಸಲೀಸು, ಐದು ದಾಟಿದರೆ ಕಷ್ಟ.

ತಪ್ಪು ಎಲ್ಲಿ ಆಯಿತು ಅನ್ನೋದನ್ನೂ ಬೇರೆ ಕಣ್ಣಿಂದ ನೋಡಬೇಕು. ಇಂಗ್ಲಿಷಿನಲ್ಲಿ ಅಕ್ಷರವೆಲ್ಲ ಬಂದರೂ ಪದ ಬಾರದೆ ಹೋಗಬಹುದು. ನಮ್ಮಲ್ಲಿ ಅಕ್ಷರ ಬಂದರೆ ಪದ ಬರುತ್ತದೆ. ಆದರೆ ಅಕ್ಷರ ಬರೋದೇ ನಿಧಾನ. 49 ಅಕ್ಷರ ಅಂತ ಹೇಳುತ್ತೇವೆ. ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಅಣ್ಣನ ಮಗ ‘ಅಕ್ಕ’, ‘ಹಳ್ಳಿ’ ಎಲ್ಲ ಓದಿದ. ‘ಸೂರ್ಯ’ ಬಂದಾಗ ‘ಸೂಯರ್’ ಅಂದ. ಅರ್ಕಾವತ್ತನ್ನು ಬರೆಯೋದು ಆಮೇಲೆ, ಹೇಳೋದು ಮೊದಲು. ಕಣ್ಣಿಗೆ ಕಂಡ ಹಾಗೆಯೇ ಓದಿದ್ದಾನೆ ಮಗು. ಇದಕ್ಕೆ ‘ಓದು ಬರಲ್ಲ’ ಅನ್ನಬಾರದು. ‘ಅರ್ಕಾವತ್ತು ಇನ್ನೂ ಕಲಿಸಬೇಕು’ ಅನ್ನಬೇಕು. ಎಷ್ಟು ತಪ್ಪು ಅಂತ ಎಣಿಸಿ ಬಿಟ್ಟರೆ ಈ ವಿಷಯ ಕೈಗೆ ಸಿಗೋದೇ ಇಲ್ಲ.

ಇನ್ನೊಂದು ಕಡೆ ಪುಸ್ತಕದಲ್ಲಿ ‘ಹುಡುಗಿ’ ಅಂತ ಇತ್ತು. ಅವನು ತಡೆಯದೆ ‘ಗೂಡೆ’ ಅಂತ ಓದಿಕೊಂಡು ಮುಂದೆ ಹೋದ. ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಅನ್ನುತ್ತೇವೆ. ಲೆಕ್ಕ ಹಾಕುವವರು ಅದನ್ನು ತಪ್ಪು ಅಂತ ಬರೆದುಕೊಳ್ಳುತ್ತಾರೆ. ನನಗೆ ಮಾತ್ರ ತುಂಬಾ ಖುಷಿಯಾಯಿತು. ಅವನು ಅಕ್ಷರ ಜೋಡಿಸುತ್ತಾ ಕೂತಿರಲಿಲ್ಲ. ಅರ್ಥ ಹಿಡಿದುಕೊಂಡು, ಮನೆಯ ಮಾತಿನಲ್ಲಿ ಹೊರಗೆ ಹಾಕಿದ್ದ.

ಕೊಡಗಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್ ಆಡುವ ಮಗು, ಅರೆಭಾಷೆಯ ಮಗು, ಮಲಯಾಳ ಮಾತಾಡುವ ಮಗು, ಎರವ ಬುಡಕಟ್ಟಿನ ಮಗು ಕೂತಿರುತ್ತಾರೆ. ಶಾಲೆಯ ಪುಸ್ತಕದ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ಮನೆಯ ಮಾತಲ್ಲ. ಅದಕ್ಕೇ ಮನೆಯಲ್ಲಿ ಓದು ನೋಡುವವರಿಗೆ ನಾನು ಹೇಳೋದು ಇಷ್ಟು. ಮಗು ಓದಿದ ಮೇಲೆ ಅಷ್ಟೇ ಉದ್ದದ, ಅಷ್ಟೇ ಸುಲಭದ ಇನ್ನೊಂದು ಭಾಗವನ್ನು ನೀವೇ ಓದಿ ಹೇಳಿ. ಆಮೇಲೆ ಪ್ರಶ್ನೆ ಕೇಳಿ. ಕೇಳಿ ಅರ್ಥವಾಗಿ ಓದಿ ಅರ್ಥವಾಗದಿದ್ದರೆ ಅಕ್ಷರದ ಕೆಲಸ ಬಾಕಿ ಇದೆ. ಕೇಳಿದರೂ ಅರ್ಥವಾಗದಿದ್ದರೆ ಮಾತಿನ ಕೆಲಸವೇ ಬಾಕಿ ಇದೆ. ಆ ಮಗುವಿಗೆ ಅಕ್ಷರ ತಿದ್ದಿಸುತ್ತಾ ಕೂತರೆ ಪ್ರಯೋಜನವಿಲ್ಲ. ಅದಕ್ಕೆ ಕಥೆ ಬೇಕು, ಹಾಡು ಬೇಕು, ಮಾತಾಡಲು ಜನ ಬೇಕು.

ಕೊನೆಗೆ ಮಗಳನ್ನು ಸೇರಿಸಿದ್ದು ಮನೆಯ ಕೆಳಗಿನ ಸರ್ಕಾರಿ ಶಾಲೆಗೆ. ನಾನು ಓದಿದ ಶಾಲೆಯೇ ಅದು. ಟೀಚರ್ ಅವಳ ಹುಟ್ಟಿದ ತಾರೀಕು ಮಾತ್ರ ಕೇಳಿದರು. ‘ಏಳು ಮುಗಿದಿದೆ, ಎರಡನೇ ಕ್ಲಾಸು’ ಅಂದರು. ‘ಟೀಚರ್, ಅವಳಿಗೆ ಕನ್ನಡ ಓದೋಕೆ ಬರಲ್ಲ’ ಅಂತ ನಾನೇ ಹೇಳಿದೆ. ‘ಅದು ನನ್ನ ಕೆಲಸ ಅಲ್ವಾ? ನೀವು ಕೊಡೆ, ಗಂಬೂಟು ತಂದುಕೊಡಿ, ಸಾಕು’ ಅಂದರು.

ಅಲ್ಲಿ ಒಂದು, ಎರಡು, ಮೂರು, ಈ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಲಿ-ಕಲಿ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಕೆಲಸವನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಟ್ಟಿದ್ದು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟು. ಪ್ರತಿ ಮಗುವೂ ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯಲ್ಲಿ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಸಹಾಯ ಮಾಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಅಕ್ಷರವನ್ನು ‘ಅ ಆ ಇ ಈ’ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸರ, ಅರಸ, ಅಗಸ ಎಲ್ಲ ಓದಬಹುದು. ಮಗಳು ಮೊದಲ ವಾರವೇ ಮನೆಗೆ ಬಂದು ‘ಅರಸ’ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.

ಅಂದರೆ ಹಾಜರಿ ಪುಸ್ತಕದಲ್ಲಿ ಅವಳು ಎರಡನೇ ತರಗತಿ. ಏಣಿಯಲ್ಲಿ ಮೊದಲ ಮೆಟ್ಟಿಲು. ಆಟಕ್ಕೆ ತನ್ನ ವಯಸ್ಸಿನವರು. ಗಣಿತದಲ್ಲಿ ಅವಳೇ ಪಕ್ಕದವಳಿಗೆ ಹೇಳಿಕೊಡುತ್ತಿದ್ದಳು. ರಾಲಿಯ ಮನೆಪಾಠದವರ ನಡುವೆ ಎಷ್ಟೋ ಸಲ ಕೇಳಿದ ಪ್ರಶ್ನೆ ಇದು: ‘ಓದು ನಾಲ್ಕನೇ ತರಗತಿಯ ಮಟ್ಟದಲ್ಲಿದೆ, ಬರವಣಿಗೆ ಒಂದನೆಯದು, ಹಾಗಾದರೆ ಮಗು ಯಾವ ತರಗತಿ?’ ಅದಕ್ಕೆ ಉತ್ತರ ನನಗೆ ಚೇರಂಬಾಣೆಯ ಹತ್ತಿರದ ಈ ಹೆಂಚಿನ ಕಟ್ಟಡದಲ್ಲಿ ಸಿಕ್ಕಿತು. ತರಗತಿಯನ್ನು ವಯಸ್ಸು ಹೇಳಲಿ. ಕೈಗೆ ಯಾವ ಕಾರ್ಡು ಕೊಡಬೇಕು ಅನ್ನೋದನ್ನು ಓದು ಹೇಳಲಿ.

ಅದೇ ಶಾಲೆಯಲ್ಲಿ ಇನ್ನೊಂದು ಹುಡುಗಿ ಇದ್ದಳು. ಅಪ್ಪ ಅಮ್ಮ ಅಸ್ಸಾಮಿನಿಂದ ಕಾಫಿ ತೋಟದ ಕೆಲಸಕ್ಕೆ ಬಂದವರು, ಲೈನ್ ಮನೆಯಲ್ಲಿ ವಾಸ. ಅವಳಿಗೆ ಒಂಬತ್ತು ದಾಟಿತ್ತು, ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. ಒಂದನೇ ಕ್ಲಾಸಿಗೆ ಹಾಕಿದ್ದರೆ ಆರು ವರ್ಷದ ಮಕ್ಕಳ ನಡುವೆ ಕೂರಬೇಕಿತ್ತು, ನಾಲ್ಕು ದಿನದಲ್ಲಿ ಶಾಲೆ ಬಿಡುತ್ತಿದ್ದಳು. ಟೀಚರ್ ನಾಲ್ಕನೇ ಕ್ಲಾಸಿಗೆ ಹೆಸರು ಬರೆದರು. ದಿನಕ್ಕೆ ಒಂದು ಗಂಟೆ ಮಾತ್ರ ನಲಿ-ಕಲಿ ಕೋಣೆಗೆ ಬಂದು ಕಾರ್ಡು ತಗೊಳ್ಳುತ್ತಿದ್ದಳು. ಚಿಕ್ಕವರಿಗೆ ಸಹಾಯ ಮಾಡುವ ಅಕ್ಕ ಅಂತಲೇ ಅವಳನ್ನು ಪರಿಚಯ ಮಾಡಿಸಿದ್ದರು. ಕಾಯ್ದೆಯ 4ನೇ ಸೆಕ್ಷನ್ ಹೇಳೋದೂ ಇದನ್ನೇ: ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ. ಕಾಯ್ದೆಯನ್ನು ಇಷ್ಟು ಪ್ರೀತಿಯಿಂದ ಪಾಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಮೆರಿಕದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಶಾಲೆಗಳೂ ಸಾಮಾನ್ಯವಾಗಿ ವಯಸ್ಸು ನೋಡಿಯೇ ತರಗತಿ ಕೊಡುತ್ತವೆ. ಆದರೆ ಎಷ್ಟೋ ಕಡೆ ಪುಸ್ತಕದ ಬುಟ್ಟಿಗಳಿಗೆ ಮಟ್ಟದ ಅಕ್ಷರ ಅಂಟಿಸಿರುತ್ತಾರೆ, ತೀರಾ ಸುಲಭದ್ದಕ್ಕೆ ಎ, ಆಮೇಲೆ ಬಿ, ಸಿ, ಹೀಗೆ. ಮಗಳು ಕಿಂಡರ್‌ಗಾರ್ಟನ್‌ನಲ್ಲಿ ಇದ್ದಾಗ ಯಾರು ಯಾವ ಬುಟ್ಟಿಯವರು ಅಂತ ಎಲ್ಲ ಮಕ್ಕಳಿಗೂ ಗೊತ್ತಿತ್ತು. ‘ನಾನಿನ್ನೂ ಡಿ’ ಅಂತ ಅವಳು ಮುಖ ಸಣ್ಣದು ಮಾಡಿಕೊಂಡು ಬಂದದ್ದೂ ನಾವು ಮನೆಪಾಠಕ್ಕೆ ಹೊರಳಲು ಒಂದು ಕಾರಣ.

ನಮ್ಮಲ್ಲಿ ನನಗೆ ಬೇಜಾರಾಗುವುದು ಮೂರನೇ ಕ್ಲಾಸಿನ ಆಮೇಲಿನದು. ನಾಲ್ಕಕ್ಕೆ ಬಂದ ಮೇಲೆ ಮಗು ಓದುವುದನ್ನು ಒಬ್ಬೊಬ್ಬರಾಗಿ ಕೇಳುವವರು ಕಡಿಮೆ. ಜೂನ್‌ನಲ್ಲಿ ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧ ಇದೆ, ಪೂರ್ವ ಪರೀಕ್ಷೆ ಇದೆ. ಆಮೇಲೆ ಪಾಠ ಮುಗಿಸುವ ಅವಸರ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡರೆ ಮನೆಯಲ್ಲೂ ಯಾರೂ ಕೇಳುವುದಿಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿ ಮನೆಗಳಿಗೇ ಹೋಗಿ ಮಕ್ಕಳ ಓದು ನೋಡುವ ಅಸರ್ ಸಮೀಕ್ಷೆಯ ಕ್ರಮ ಇಲ್ಲಿ ಅಪ್ಪ ಅಮ್ಮನಿಗೂ ಉಪಯೋಗಕ್ಕೆ ಬರುತ್ತದೆ. ಮೊದಲು ಒಂದನೇ ತರಗತಿ ಮಟ್ಟದ ನಾಲ್ಕು ಸಾಲು ಕೊಡುತ್ತಾರೆ. ಸಲೀಸಾದರೆ ಎರಡನೇ ತರಗತಿ ಮಟ್ಟದ ಕಥೆ. ಕಷ್ಟವಾದರೆ ಬಿಡಿ ಪದ, ಅದೂ ಆಗದಿದ್ದರೆ ಅಕ್ಷರ. ಪದ, ಅಕ್ಷರಗಳಿಗೆ ಐದರಲ್ಲಿ ನಾಲ್ಕು ಸರಿ ಬಂದರೆ ಆ ಹಂತ ಆಯಿತು. ಹದಿನಾರು ವರ್ಷದವರಿಗೂ ಇದೇ ಹಾಳೆ. ಹಳೆಯ ಪಠ್ಯಪುಸ್ತಕ ಇದ್ದರೆ ಯಾರು ಬೇಕಾದರೂ ಇಂಥದ್ದೊಂದು ಮಾಡಿಕೊಳ್ಳಬಹುದು. ಜುಲೈನಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟ ಒಂದು ದಿನ ಅತ್ತಿಗೆ ಒಲೆಯ ಪಕ್ಕ ಕೂತು ಮನೆಯ ಮೂರು ಮಕ್ಕಳನ್ನೂ ಹೀಗೆ ಓದಿಸಿದರಂತೆ. ಆರನೇ ಕ್ಲಾಸಿನ ದೊಡ್ಡವನು ಕಥೆಯಲ್ಲಿ ತಡವರಿಸಿದ. ಮಾರ್ಕ್ಸ್ ಚೆನ್ನಾಗಿಯೇ ಬರುತ್ತಿತ್ತು, ಹಾಗಾಗಿ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಅವನು ದಿನಾ ಸಂಜೆ ತಂಗಿಗೆ ಕಥೆ ಓದಿ ಹೇಳುತ್ತಾನೆ. ತಂಗಿಗೆ ಕಥೆ ಸಿಗುತ್ತದೆ, ಅವನಿಗೂ ನಾಚಿಕೆ ಆಗುವುದಿಲ್ಲ.

ಏಪ್ರಿಲ್‌ನಲ್ಲಿ ಹೆಂಡತಿ, ಮಗಳು ವಾಪಸ್ ರಾಲಿಗೆ ಬರುತ್ತಿದ್ದಾರೆ. ಈ ಸಲ ಶಾಲೆಗೇ ಸೇರಿಸೋಣ ಅಂತ ಇದ್ದೇವೆ, ಅವಳಿಗೆ ಜೊತೆಗೆ ಮಕ್ಕಳು ಬೇಕಂತೆ. ಹೊರಡುವ ಮೊದಲು ಟೀಚರ್ ಹತ್ತಿರ ಒಂದು ಹಾಳೆ ಬರೆಸಿಕೊಂಡು ಬಾ ಅಂತ ಹೇಳಿದ್ದೇನೆ. ಯಾವ ತರಗತಿ ಅಂತ ಬೇಡ. ಯಾವ ಮೆಟ್ಟಿಲಿನವರೆಗೆ ಬಂದಳು, ಯಾವ ಒತ್ತಕ್ಷರ ಬಾಕಿ ಇದೆ, ಅಷ್ಟು ಸಾಕು. ಕನ್ನಡದ್ದನ್ನು ಅಲ್ಲಿಂದ ನಾನು ಮುಂದುವರಿಸುತ್ತೇನೆ.