ಮೊದಲು ಟ್ರ್ಯಾಕ್ಷನ್, ಆಮೇಲೆ ಡಿಎಸ್

ಹಳೆಯ ಫ್ರೆಂಚ್ ಕಾರು ಕೊಳ್ಳುವ ಆಸೆ ಇರುವವರ ಕಣ್ಣು ಮೊದಲು ಬೀಳುವುದು ಸಿಟ್ರೊಯೆನ್ ಡಿಎಸ್ ಮೇಲೆ. ಪ್ಯಾರಿಸ್‌ನಲ್ಲಿ ನೆಲೆಸಿರುವ ನನಗೂ ಅದೆಂದರೆ ಪ್ರಾಣ. ಆದರೂ ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಅದೇ ಕಂಪನಿಯ, ಅದಕ್ಕಿಂತ ಹಿಂದಿನ ಟ್ರ್ಯಾಕ್ಷನ್ ಅವಾಂ ಹೆಸರನ್ನೇ.

ಟ್ರ್ಯಾಕ್ಷನ್ ಬಂದದ್ದು 1934ರಲ್ಲಿ. ಎಂಜಿನ್ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಕೆಳಗೆ ಬೇರೆ ಚೌಕಟ್ಟು (ಷಾಸಿ) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹತ್ತಲು ಮೆಟ್ಟಿಲು ಬೇಡ, ಅಷ್ಟು ತಗ್ಗು. ಈ ಕಾರಿಗೂ ಕಾರ್ಖಾನೆಗೂ ಹಣ ಸುರಿದು ಕಂಪನಿ ದಿವಾಳಿಯಾಯಿತು, ಟೈರು ಕಂಪನಿ ಮಿಶೆಲಿನ್ ಕೈಗೆ ಹೋಯಿತು. ಕಂಪನಿ ಕಟ್ಟಿದ ಆಂದ್ರೆ ಸಿಟ್ರೊಯೆನ್ 1935ರಲ್ಲೇ ತೀರಿಕೊಂಡರು. ಅವರ ಕಾರು ಮಾತ್ರ 1957ರವರೆಗೂ ತಯಾರಾಯಿತು.

ಡಿಎಸ್ ಹೊರಬಂದದ್ದು 1955ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ. ಮೊದಲ ದಿನವೇ ಸುಮಾರು 12 ಸಾವಿರ ಜನ ಬುಕ್ ಮಾಡಿದರು. ಎರಡೂ ಕಾರುಗಳ ರೂಪ ಫ್ಲಾಮಿನಿಯೊ ಬೆರ್ತೋನಿಯವರದು ಅಂದರೆ ನಂಬುವುದೇ ಕಷ್ಟ. ಡಿಎಸ್‌ನಲ್ಲಿ ಸ್ಪ್ರಿಂಗ್ ಬದಲು ಎಣ್ಣೆ ಮತ್ತು ನೈಟ್ರೋಜನ್ ಅನಿಲದ ಗೋಳಗಳಿವೆ. ಎಂಜಿನ್ ಶುರು ಮಾಡಿದರೆ ಕಾರು ತಾನಾಗಿ ಮೇಲೇಳುತ್ತದೆ. 1962ರಲ್ಲಿ ಫ್ರಾನ್ಸ್ ಅಧ್ಯಕ್ಷ ದ ಗಾಲ್ ಮೇಲೆ ಗುಂಡಿನ ದಾಳಿ ಆದಾಗ, ಟೈರು ಒಡೆದರೂ ಅವರನ್ನು ಪಾರು ಮಾಡಿದ್ದು ಡಿಎಸ್.

ಆದರೆ ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್, ಹಲವು ಮಾದರಿಗಳಲ್ಲಿ ಗೇರು ಕೂಡ, ಎಲ್ಲವೂ ಅದೇ ಎಣ್ಣೆಯ ಒತ್ತಡದಲ್ಲಿ ನಡೆಯುತ್ತವೆ. ಮೊದಮೊದಲಿನ ಕಾರುಗಳ ಕೆಂಪು ಎಣ್ಣೆ ತೇವ ಎಳೆದುಕೊಂಡು ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತಿತ್ತು. 1966ರ ಕೊನೆಯ ಹೊತ್ತಿಗೆ ಹಸಿರು ಎಣ್ಣೆ ಬಂತು. ಒಂದಕ್ಕೆ ಇನ್ನೊಂದರ ಎಣ್ಣೆ ಹಾಕಿದರೆ ರಬ್ಬರ್ ಸೀಲುಗಳು ಹಾಳು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಡಿಎಸ್‌ನ ಹೊರ ಹಲಗೆಗಳೆಲ್ಲ ಬೋಲ್ಟ್ ಹಾಕಿ ಕೂರಿಸಿದವು. ಅವನ್ನು ಬಿಚ್ಚಿ, ಬಣ್ಣ ಬಳಿದು ಥಳಥಳ ಮಾಡಬಹುದು, ಒಳಗಿನ ಚೌಕಟ್ಟು ತುಕ್ಕು ತಿಂದಿರಬಹುದು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತೊಲೆಗಳನ್ನು ತೋರಿಸದ ಮಾರಾಟಗಾರನಿಗೆ ಮುಂಗಡ ಕೊಡಬೇಡಿ.

ಟ್ರ್ಯಾಕ್ಷನ್‌ಗೂ ತುಕ್ಕು ಹಿಡಿಯುತ್ತದೆ. ಮೂರೇ ಗೇರು, ಸ್ಟೀರಿಂಗ್ ಗಡುಸು, ಹೆದ್ದಾರಿಯಲ್ಲಿ ನಿಧಾನ. ಆದರೆ ಕೆಟ್ಟಾಗ ಏನು ಕೆಟ್ಟಿದೆ ಅಂತ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ಸ್ಪ್ಯಾನರ್ ಹಿಡಿಯುವ ಅಭ್ಯಾಸ ಇದ್ದವರು ರಿಪೇರಿಯ ಬಹಳಷ್ಟು ಭಾಗವನ್ನು ಮನೆಯಲ್ಲೇ ಮಾಡಬಹುದು. ನನಗೆ ಅದು ಎಲ್ಲಕ್ಕಿಂತ ದೊಡ್ಡ ಗುಣ.

ಇಲ್ಲಿ ಫ್ರಾನ್ಸ್‌ನ ಕಾನೂನೂ ಹಳೆಯ ಕಾರನ್ನು ರಸ್ತೆಯಲ್ಲೇ ಉಳಿಸುವಂಥದ್ದು. 30 ವರ್ಷ ತುಂಬಿದರೆ ಸಂಗ್ರಹದ ಕಾರು ಅಂತ ನೋಂದಣಿ ಸಿಗುತ್ತದೆ. ಹಾಗೆ ನೋಂದಾಯಿಸಿದ ಕಾರಿಗೆ ತಪಾಸಣೆ ಐದು ವರ್ಷಕ್ಕೊಮ್ಮೆ, 1960ಕ್ಕಿಂತ ಹಿಂದಿನದಾದರೆ ಅದೂ ಇಲ್ಲ. ಹಾಗಾಗಿ ಎಲ್ಲ ಟ್ರ್ಯಾಕ್ಷನ್‌ಗಳಿಗೂ ವಿನಾಯಿತಿ. ಭಾರತದಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ 50 ವರ್ಷ ದಾಟಿರಬೇಕು, ದಿನನಿತ್ಯ ಓಡಿಸುವಂತಿಲ್ಲ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಮ್ಯೂಸಿಯಂನಲ್ಲಿ ಹಳೆಯ ಕಾರುಗಳನ್ನು ಪ್ರೀತಿಯಿಂದ ಕಾಪಾಡಿದ್ದಾರೆ, ಅದು ದೊಡ್ಡ ಕೆಲಸ. ಆದರೆ ಮ್ಯೂಸಿಯಂ ಸೇರದ ಕಾರುಗಳು ಜಾಸ್ತಿ ಅಲ್ವಾ? ಮನೆಗಳಲ್ಲಿ ಉಳಿದಿರುವ ಅಂಥವುಗಳಿಗಾಗಿ ನಮ್ಮಲ್ಲೂ ಮಿತಿ 30 ವರ್ಷಕ್ಕೆ ಇಳಿಯಬೇಕು, ಓಡಿಸಲು ಇನ್ನಷ್ಟು ಅವಕಾಶ ಸಿಗಬೇಕು.